ಎರಡನೇ ಹೂಜಿ

ನನ್ನ ನೌಕರಿಯ ಕೊನೆಯ ವರ್ಷಗಳೆಲ್ಲ ಒಂದೇ ಮಾತು ಹೇಳುವುದರಲ್ಲಿ ಕಳೆದವು: ನೀರು ಕುಡಿಯಿರಿ. ನಗುವವರು ನಗಲಿ. ‘ಆಪಾ, ನೀರು ಕುಡೀರಿ ಅಂತ ಹೇಳೋಕೂ ಸರ್ಕಾರ ಜನ ಇಟ್ಟೈತಾ?’ ಎಂದು ನನ್ನ ಸ್ವಂತ ತಮ್ಮನೇ ಚುಡಾಯಿಸಿದ್ದಾನೆ. ಇಟ್ಟಿತ್ತು. ಸಕ್ಕರೆ ಕಾಯಿಲೆ, ಬಿ.ಪಿ., ಬೊಜ್ಜು ಇರುವವರ ಮನೆಗಳಿಗೆ ಹೋಗಿ, ತೂಕ ನೋಡಿ, ಏನು ತಿನ್ನಬೇಕು ಏನು ಕುಡಿಯಬೇಕು ಎಂದು ಹೇಳಿಬರುವ ಆರೋಗ್ಯ ಸಹಾಯಕಿ ನಾನು. ಹೊಸದುರ್ಗ, ಹೊಳಲ್ಕೆರೆ, ಕೊನೆಗೆ ಹಿರಿಯೂರು. ಮನೆ ಮಾತ್ರ ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಬೀದಿಯಲ್ಲಿ, ಅಜ್ಜನ ಕಾಲದಿಂದ. ಕಾಗದದಲ್ಲಿ ನನ್ನ ಹೆಸರು ಜೈಬುನ್ನಿಸಾ, ಹಳ್ಳಿಗಳಲ್ಲಿ ಜೈಬಮ್ಮ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಕೆಲವರು ಮನೆಗೆ ಬರುತ್ತಾರೆ. ‘ಮೇಡಂ, ಕೊಟ್ಟಿರೋ ಪುಸ್ತಕದಲ್ಲಿ ಎಲ್ಲಾ ಇದೆ, ಇನ್ನೇನು ತಿಳ್ಕೋಬೇಕು?’ ಎನ್ನುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವುಗಳ ಸುದ್ದಿ ಇಲ್ಲಿಲ್ಲ. ಶಾಲುಗಳು ಟ್ರಂಕಿನಲ್ಲಿ ನುಸಿ ಹಿಡಿದು ಕೂತಿವೆ. ನಾನು ಹೆದರಿದ್ದನ್ನು ಬರೆಯುತ್ತೇನೆ. ನೀರು ಹೆದರಿಸುವ ವಸ್ತು ಎಂದು ಯಾವ ತರಬೇತಿಯಲ್ಲೂ ಯಾರೂ ನನಗೆ ಹೇಳಿರಲಿಲ್ಲ.

ಮೊದಲು ವಿಷಯ ಸರಿಯಾಗಿ ತಿಳಿದಿರಲಿ. ನೀರು ಕೊಬ್ಬನ್ನು ಕರಗಿಸುವುದಿಲ್ಲ. ಹಾಗೆ ಹೇಳುವವರ ಮಾತು ನಂಬಬೇಡಿ. ಐದಾರು ಲೋಟ ಸಕ್ಕರೆ ಚಹಾ ಕುಡಿಯುವವನು ಎರಡು ಲೋಟ ಚಹಾದ ಬದಲು ನೀರು ಕುಡಿದರೆ ಅಷ್ಟು ಸಕ್ಕರೆ ಹೊಟ್ಟೆಗೆ ಹೋಗುವುದಿಲ್ಲ. ಊಟಕ್ಕೆ ಮುಂಚೆ ಒಂದು ಲೋಟ ಕುಡಿದರೆ ಎರಡನೇ ಮುದ್ದೆಗೆ ಕೈ ಹೋಗುವುದು ಸ್ವಲ್ಪ ತಡವಾಗುತ್ತದೆ. ಬಾಯಾರಿಕೆಯನ್ನೇ ಹಸಿವು ಅಂದುಕೊಂಡು ಬೋಂಡ ತಿನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಮಲಬದ್ಧತೆಗೆ, ಮೂತ್ರದ ಕಲ್ಲಿಗೆ, ಬಿಸಿಲಿನ ಸುಸ್ತಿಗೆ ನೀರು ಒಳ್ಳೆಯದು. ಇಷ್ಟೇ ಸತ್ಯ. ಇಷ್ಟನ್ನೇ ಹೇಳಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ.

ಹೊಸದುರ್ಗದ ಕಡೆ ಇದ್ದಾಗ ನಾನಿನ್ನೂ ಹುರುಪಿನವಳು. ಹೊಸ ಊರೊಂದಕ್ಕೆ ಮಧ್ಯಾಹ್ನದ ಹೊತ್ತಿಗೆ ಹೋದೆ. ಕಟ್ಟೆಯ ಮೇಲೆ ಏಳೆಂಟು ಗಂಡಸರು ನನಗೆ ಬೆನ್ನು ಮಾಡಿ ಕೂತಿದ್ದರು. ಹಿಂದಿನಿಂದ ‘ನಮಸ್ಕಾರ್ರಿ’ ಎಂದೆ. ಎಲ್ಲರೂ ತಿರುಗಿದರು. ಕತ್ತು ತಿರುಗಲಿಲ್ಲ. ಸೊಂಟದಿಂದ ಮೇಲಿನ ಇಡೀ ಮೈಯನ್ನು ಹಲಗೆಯಂತೆ ನಿಧಾನವಾಗಿ ನನ್ನ ಕಡೆ ತಿರುಗಿಸಿದರು. ಒಬ್ಬರಾದ ಮೇಲೆ ಒಬ್ಬರು, ಮಾತಿಲ್ಲದೆ. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಆದರೂ ಪಾಠ ಬಿಡಲಿಲ್ಲ. ದಿನಕ್ಕೆ ಇಷ್ಟು ನೀರು ಕುಡಿಯಿರಿ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ ಕುಡಿಯಿರಿ ಎಂದು ಒಪ್ಪಿಸಿದೆ.

ಒಬ್ಬಾತ ನಕ್ಕ. ಹಲ್ಲೆಲ್ಲ ಕಂದು ಬಣ್ಣ. ‘ಯಾವ ನೀರು ಕುಡೀಬೇಕ್ರಿ ಅಮ್ಮಾ? ಈ ಬೋರಿನ ನೀರು ಕುಡ್ದೇ ನಮ್ ಕತ್ತು ಹಿಂಗಾಗಿರಾದು. ಇನ್ನೂ ಕುಡೀರಿ ಅಂತೀರಲ್ಲ?’

ಫ್ಲೋರೈಡು, ಹಲ್ಲು ಮೂಳೆ ಎರಡನ್ನೂ ಕೆಡಿಸುವಂಥದ್ದು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಎದುರಿಗೆ ಕೂತಾಗ ಗುರುತು ಸಿಗಲಿಲ್ಲ. ನೀರು ಕುಡಿಯಿರಿ ಎನ್ನುವ ಮುಂಚೆ ಯಾವ ನೀರು ಎಂದು ಕೇಳಬೇಕು ಅಂತ ಆ ದಿನ ಕಲಿತೆ. ಶುದ್ಧ ನೀರಿನ ಘಟಕ ಕೆಲಸ ಮಾಡುತ್ತಿದೆಯಾ, ಕೆಟ್ಟು ನಿಂತಿದೆಯಾ, ಮೊದಲು ಅದನ್ನು ನೋಡಿ ಬನ್ನಿ. ಆಮೇಲೆ ಪಾಠ ಹೇಳಿ.

ಹೊಳಲ್ಕೆರೆಯಲ್ಲಿ ಇನ್ನೊಂದು ಪೆಟ್ಟು ತಿಂದೆ. ಹೆಂಗಸೊಬ್ಬಳ ತೂಕ ವಾರವಾರವೂ ಏರುತ್ತಿತ್ತು. ಆಗ ಮುಳ್ಳಿನ ತೂಕದ ಯಂತ್ರ. ಆಕೆ ಹತ್ತಿ ನಿಂತರೆ ಮುಳ್ಳು ಪ್ರತಿ ವಾರ ಒಂದು ಗೆರೆ ಮುಂದಕ್ಕೆ ಹೋಗುತ್ತಿತ್ತು. ಮುಖ ನೋಡಿದರೆ ಬತ್ತಿ ಹೋಗಿತ್ತು. ‘ಕದ್ದು ತಿಂತೀಯ’ ಎಂದು ಬೈದೆ. ಆಕೆ ಮಕ್ಕಳ ಮೇಲೆ ಆಣೆ ಇಟ್ಟಳು. ‘ಗಾಳಿ ಕುಡಿದ್ರೂ ಮೈ ಬರ್ತೈತೆ ಸಿಸ್ಟರ್ರೆ. ನಂದಲ್ಲ ಈ ಮೈ’ ಎಂದು ಅತ್ತಳು. ನಂದಲ್ಲ ಈ ಮೈ ಎನ್ನುವ ಮಾತು ಕೇಳಿ ಹೆದರಿಕೆಯಾಗಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಅದೇ ಹಳೆಯ ಮಾತು: ನೀರು ಜಾಸ್ತಿ ಕುಡಿ.

ಅಲ್ಲಿದ್ದ ವಯಸ್ಸಾದ ಡಾಕ್ಟರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಬಂದು ಆಕೆಯ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಬಿತ್ತು. ಒಳಗೆ ಹೋಗಿ ಇಬ್ಬರು ರೋಗಿಗಳನ್ನು ನೋಡಿ ವಾಪಸ್ ಬಂದರು. ಗುಳಿ ಇನ್ನೂ ಹಾಗೇ ಇತ್ತು. ‘ಇವಳ ಹೃದಯ ಸೋತಿದೆ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಂತಿದೆ. ನೀವು ಮೇಲಿಂದ ಇನ್ನೂ ಸುರೀತಿದ್ದೀರಿ’ ಎಂದು ಎಲ್ಲರ ಮುಂದೆ ಗದರಿದರು. ಬಸ್ಸಿನಲ್ಲಿ ಮನೆ ಸೇರುವ ತನಕ ಅವರನ್ನು ಉರ್ದುವಿನಲ್ಲಿ ಬೈದುಕೊಂಡೆ. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು. ತೂಕದ ಯಂತ್ರ ಎಷ್ಟು ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ.

ಇಷ್ಟು ಕಲಿತವಳು ಹಿರಿಯೂರಿಗೆ ಬಂದು ಎಚ್ಚರವಾಗಿದ್ದೆ ಅಂದುಕೊಂಡರೆ ಅದು ನಿಮ್ಮ ತಪ್ಪು.

ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಇಪ್ಪತ್ತು ಮೂವತ್ತು ಮನೆ, ಸುತ್ತ ಮುಳ್ಳುಬೇಲಿಯ ಕುರಿರೊಪ್ಪಗಳು. ಅಲ್ಲಿ ಜುಂಜಣ್ಣ, ಓಬಳಮ್ಮ ಎಂಬ ಗಂಡ ಹೆಂಡತಿ ನನ್ನ ಪಟ್ಟಿಯಲ್ಲಿದ್ದರು. ಆತ ಆಳೆತ್ತರಕ್ಕಿಂತ ಒಂದು ಗೇಣು ಜಾಸ್ತಿ ಇದ್ದ ಮನುಷ್ಯ, ಆಕೆ ಆತನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಮೊಣಕಾಲು ಹೋದ ಮೇಲೆ ಆತ ಕುರಿಯ ಹಿಂದೆ ಹೋಗುವುದನ್ನು ಬಿಟ್ಟು ಮಗನಿಗೆ ವಹಿಸಿದ್ದ. ಜಗಲಿಯ ಮೇಲೆ ಕೂತು, ಹೆದ್ದಾರಿಯ ಅಂಗಡಿಯ ಚಹಾ, ಬಾಟಲಿ ಜ್ಯೂಸು ಕುಡಿದು ಎರಡೇ ವರ್ಷದಲ್ಲಿ ಮೈ ಬೆಳೆಸಿದ್ದ. ಸಕ್ಕರೆ ಕಾಯಿಲೆ ಬಂದಿತ್ತು. ಓಬಳಮ್ಮನಿಗೆ ಬಿ.ಪಿ. ಇತ್ತು.

ನೀರಿನ ಮಾತೆತ್ತಿದರೆ ಜುಂಜಣ್ಣ ನಗುತ್ತಿದ್ದ. ‘ಕುರಿ ಕಾಯೋನು ಬೆಳಿಗ್ಗೆ ಕುಡಿದ್ರೆ ಮತ್ತೆ ಸಂಜಿಗೇ ಕುಡಿಯಾದು ಜೈಬಮ್ಮಾರೆ. ನಡುವೆ ನೀರು ಕೇಳಿದ್ರೆ ಕುರಿ ನಗ್ತಾವೆ.’

ಓದು ಬರಹ ಇಲ್ಲದವರಿಗೆಂದು ನಾನೇ ಒಂದು ಉಪಾಯ ಮಾಡಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಮಣ್ಣಿನ ಹೂಜಿ. ಬೆಳಿಗ್ಗೆ ಘಟಕದ ನೀರು ತುಂಬಿಡಬೇಕು, ಸಂಜೆಯೊಳಗೆ ಖಾಲಿಯಾಗಬೇಕು. ಸಣ್ಣ ಚೊಂಬಿನಲ್ಲಿ ನಾಲ್ಕು ಚೊಂಬು. ಒಂದು ಚೊಂಬು ಕುಡಿದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ತಿಂಗಳಿಗೊಮ್ಮೆ ನಾನು ಹೋಗಿ ಗೀಟು ಎಣಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದೆ. ಗಂಡ ಹೆಂಡತಿಗೆ ಅದು ಪಂದ್ಯವಾಯಿತು. ಆಕೆಯ ಸಾಲು ಕೆಳಗೆ, ಆತನ ಸಾಲು ಆತನ ಎತ್ತರಕ್ಕೆ ತಕ್ಕಂತೆ ಮೇಲೆ. ಆರು ತಿಂಗಳಲ್ಲಿ ಜುಂಜಣ್ಣ ಜ್ಯೂಸಿನ ಬಾಟಲಿ ಬಿಟ್ಟ, ತೂಕ ಇಳಿಯಿತು. ‘ಉಡುದಾರ ಸಡಿಲ ಆತು, ನೋಡ್ರಿ’ ಎಂದು ಬಂದವರಿಗೆಲ್ಲ ಎಳೆದು ತೋರಿಸುತ್ತಿದ್ದ. ನಮ್ಮ ವೈದ್ಯಾಧಿಕಾರಿಯನ್ನು ಕರೆದುಕೊಂಡು ಹೋಗಿ ಆ ಗೋಡೆ ತೋರಿಸಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು, ಫೋಟೋ ಹೊಡೆದುಕೊಂಡರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಚಳಿಗಾಲದ ಒಂದು ಮಧ್ಯಾಹ್ನ ಜುಂಜಣ್ಣ ಜಗಲಿಯ ಮೇಲೆ ಕೂತಲ್ಲೇ ತೀರಿಕೊಂಡ. ಹೃದಯಾಘಾತ ಎಂದರು. ಮಾತಾಡಿಸಲು ಹೋದೆ. ಬಾಗಿಲ ಪಕ್ಕದ ಮೂಲೆಯಲ್ಲಿ ದೀಪ ಹಚ್ಚಿ, ಒಂದು ಚೊಂಬಿನಲ್ಲಿ ನೀರಿಟ್ಟಿದ್ದರು. ತಿಥಿ ಆಗುವ ತನಕ ಸತ್ತವರಿಗೆ ಹಾಗೆ ಇಡುತ್ತಾರೆ ಎಂದು ಗೊತ್ತಿತ್ತು. ನಾನು ಹೊರಡುವಾಗ ಗೋಡೆ ಕಣ್ಣಿಗೆ ಬಿತ್ತು. ಇರಲಿ, ನೋಡಿ ನೋಡಿ ಅಳುವುದು ಬೇಡ ಎಂದು ಒದ್ದೆ ಬಟ್ಟೆ ತೆಗೆದುಕೊಂಡು ಆತನ ಸಾಲನ್ನು ಒರೆಸಿಬಿಟ್ಟೆ. ಓಬಳಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. 

ಆಮೇಲೆ ನನ್ನನ್ನು ಯಾವುದೋ ಸಮೀಕ್ಷೆಗೆ ಹಾಕಿದರು. ಮತ್ತೆ ಹಟ್ಟಿಗೆ ಹೋಗುವಾಗ ಎರಡೂವರೆ ತಿಂಗಳು ಕಳೆದು ಕಡು ಬೇಸಿಗೆ. ಹಟ್ಟಿಯ ಆಶಾ ಕಾರ್ಯಕರ್ತೆ ಕಮಲಮ್ಮ ಜೊತೆಗಿದ್ದಳು. ಓಬಳಮ್ಮನ ಮನೆಯ ಬೇಲಿಯ ಹತ್ತಿರ ಬಂದು ನಿಂತುಬಿಟ್ಟಳು.

‘ನೀವ್ ಹೋಗ್ಬರ್ರಿ. ನಾನ್ ಇಲ್ಲೇ ಇರ್ತೀನಿ.’

‘ಯಾಕೆ?’

‘ಹಗಲೊತ್ನಾಗೆ ಆ ಮನ್ಯಾಗೆ ಇಬ್ರು ಇರ್ತಾರೆ ಸಿಸ್ಟರ್. ಮಾತಾಡಾದು ಕೇಳ್ತೈತೆ.’

ಬೈದು ಒಳಗೆ ಹೋದೆ. ಇನ್ನೂ ಬೆಳಗಿನ ಹತ್ತೂವರೆ. ಮಗ ಕುರಿ ಹೊಡೆದುಕೊಂಡು ಹೋಗಿದ್ದ, ಸೊಸೆ ಈರುಳ್ಳಿ ಹೊಲದ ಕೆಲಸಕ್ಕೆ. ಬಿಸಿಲಿನಿಂದ ಒಳಗೆ ಹೋದವಳಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಹೂಜಿಗಳು ಕಂಡವು. ಎರಡೂ ಇದ್ದವು. ಎರಡಕ್ಕೂ ಒದ್ದೆ ಬಟ್ಟೆ ಸುತ್ತಿ, ಎರಡೂ ತುಂಬಿದ್ದವು. ತಲೆ ಎತ್ತಿದೆ. ನಾನೇ ಒರೆಸಿದ್ದ ಆ ಮೇಲಿನ ಸಾಲು ಗೋಡೆಯ ಈ ತುದಿಯಿಂದ ಆ ತುದಿಗೆ ಬೆಳೆದಿತ್ತು. ಅದೇ ಎತ್ತರ. ನಾನು ಕೈ ಚಾಚಿದರೂ ಬೆರಳ ತುದಿಯಷ್ಟೇ ಮುಟ್ಟುವ ಎತ್ತರ. ಮೊದಮೊದಲು ದಿನಕ್ಕೆ ನಾಲ್ಕು ಗೀಟು, ಆಮೇಲೆ ಐದು, ಇತ್ತೀಚಿನ ದಿನಗಳಲ್ಲಿ ಏಳು, ಎಂಟು. ಅಂದರೆ ಆ ಹೂಜಿಯನ್ನು ದಿನಕ್ಕೆ ಎರಡು ಸಲ ತುಂಬಿಸುತ್ತಿರಬೇಕು.

‘ಬರ್ರಿ ಜೈಬಮ್ಮಾರೆ, ಕುಂತ್ಕಳ್ರಿ’ ಎಂದಳು ಓಬಳಮ್ಮ. ಕಣ್ಣು ಕೆಂಪಾಗಿ, ಮುಖ ಊದಿಕೊಂಡಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ.

‘ಮೇಲಿನ ಸಾಲು ಯಾರದು ಓಬಳಮ್ಮ?’

‘ಅವರ್ದು.’

‘ಅವರು ಅಂದ್ರೆ?’

‘ಅವರೇ. ಬ್ಯಾಸಗಿ ಅಲ್ವ್ರಾ? ಬಾಯಾರಿಕೆ ಜಾಸ್ತಿ ಆಗೈತೆ ಅವರಿಗೆ.’ ಪಕ್ಕದ ಕೋಣೆಯಲ್ಲಿ ಮಲಗಿರುವವರ ಬಗ್ಗೆ ಹೇಳುವಂತೆ ಹೇಳಿದಳು.

‘ಕುಡೀತಾರಾ?’

‘ಸಂಜಿಗೆ ಹೂಜಿ ಖಾಲಿ ಆಗ್ತೈತಲ್ಲ’ ಎಂದಳು.

 ಹೊರಗೆ ಕಣ್ಣು ಕುಕ್ಕುವ ಬಿಸಿಲು, ಹಟ್ಟಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ. ಬೇಗ ಬೇಗ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಐವತ್ತೆರಡು ಕಿಲೋ. ಊಟ ಮಾಡಿದೆಯಾ, ನಿದ್ದೆ ಬರುತ್ತಾ, ತಲೆ ನೋಯುತ್ತಾ ಎಂದು ಕೇಳಬೇಕಾಗಿತ್ತು. ಒಂದೂ ಕೇಳಲಿಲ್ಲ. ‘ನೀರು ಸೇವನೆ ತೃಪ್ತಿಕರ’ ಎಂದು ಆಕೆಯ ಕಾರ್ಡಿನಲ್ಲಿ ಗೀಚಿ ಹೊರಗೆ ಬಂದುಬಿಟ್ಟೆ. ಹೆದರಿ ಓಡಿಬಂದೆ ಎಂದು ಒಪ್ಪಿಕೊಳ್ಳಲು ನಾನು ನಿವೃತ್ತಿಯಾಗಬೇಕಾಯಿತು.

ಮತ್ತೆ ಅಲ್ಲಿಗೆ ಹೋಗುವಂತೆ ಮಾಡಿದ್ದು ಕರ್ತವ್ಯವೂ ಅಲ್ಲ, ಧೈರ್ಯವೂ ಅಲ್ಲ. ಟ್ಯಾಬು. ಆ ವರ್ಷ ರಿಜಿಸ್ಟರ್ ಹೋಗಿ ಟ್ಯಾಬ್ ಬಂದಿತ್ತು. ರೋಗಿ ಯಂತ್ರದ ಮೇಲೆ ನಿಂತ ಫೋಟೋ ಏರಿಸದಿದ್ದರೆ ಅದು ತೂಕವನ್ನು ಒಪ್ಪುತ್ತಿರಲಿಲ್ಲ. ಮಿಕ್ಕ ಮನೆಗಳನ್ನು ಮುಗಿಸಿ ನೋಡಿದರೆ ಓಬಳಮ್ಮನದು ಮಾತ್ರ ಬಾಕಿ ಎಂದು ಕೆಂಪಗೆ ತೋರಿಸುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, ಸರ್, ಆ ಮನೆಯಲ್ಲಿ ಹೀಗೆ ಹೀಗೆ ಎಂದೆ. ಅವರು ಜೋರಾಗಿ ನಕ್ಕರು. ‘ಜುಂಜಣ್ಣನಿಗೂ ಒಂದು ಕಾರ್ಡ್ ಮಾಡಿಸಿ ಸಿಸ್ಟರ್. ಈ ಹಟ್ಟಿಯಲ್ಲಿ ಹೇಳಿದ ಮಾತು ಕೇಳೋನು ಅವನೊಬ್ಬನೇ. ಹೋಗಿ, ಫೋಟೋ ತಗೊಂಡು ಬನ್ನಿ.’

ಮೂರು ಗಂಟೆಗೆ ಮತ್ತೆ ಹೋದೆವು. ಓಬಳಮ್ಮ ಅದೇ ಜಾಗದಲ್ಲಿ ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಸೇರುತ್ತಿಲ್ಲ, ಒಂದು ಸಲ ವಾಂತಿಯೂ ಆಯಿತು ಎಂದಳು. ಯಂತ್ರದ ಮೇಲೆ ನಿಲ್ಲಿಸಿದೆ. ಐವತ್ತನಾಲ್ಕು.

ಇಳಿಸಿ ಮತ್ತೆ ಹತ್ತಿಸಿದೆ. ಐವತ್ತನಾಲ್ಕೇ. ಯಂತ್ರ ಕೆಟ್ಟಿರಬೇಕು ಎಂದು ನಾನು ಹತ್ತಿ ನಿಂತೆ. ಬೆಳಿಗ್ಗೆ ಯಂತ್ರ ಸರಿ ಇದೆಯಾ ಎಂದು ಹತ್ತಿ ನೋಡಿದಾಗ ಇದ್ದಷ್ಟೇ ಇದ್ದೆ. ಒಂದು ಅಗುಳೂ ತಿನ್ನದೆ, ಕೂತಲ್ಲೇ ಕೂತು, ನಾಲ್ಕೈದು ತಾಸಿನಲ್ಲಿ ಆಕೆ ಎರಡು ಕಿಲೋ ಏರಿದ್ದಳು. ಬಾಗಿಲಿನಿಂದ ಇಣುಕುತ್ತಿದ್ದ ಕಮಲಮ್ಮ ಸಣ್ಣ ದನಿಯಲ್ಲಿ, ‘ಸಿಸ್ಟರ್, ಅವ್ರೂ ಜತಿಗೆ ಹತ್ತಿ ನಿಂತವ್ರೆ’ ಎಂದಳು. ಎಂದವಳೇ ಬೇಲಿಯ ತನಕ ಓಡಿದಳು.

ಆ ಗಳಿಗೆಯಲ್ಲಿ ನಾನೂ ಅದನ್ನೇ ನಂಬಿದೆ. ಅಮ್ಮ ಕಲಿಸಿದ್ದ ದುವಾ ಬಾಯಿಗೆ ಬಂತು. ಕಮಲಮ್ಮನಂತೆ ಓಡದೆ ಗೋಡೆಗೆ ಒರಗಿ ಕೂತೆ. ಕೂತದ್ದೇ ಒಳ್ಳೆಯದಾಯಿತು.

ಓಬಳಮ್ಮ ನನ್ನನ್ನು ಮರೆತವಳಂತೆ ಎದ್ದಳು. ಎರಡನೇ ಹೂಜಿಯಿಂದ ಚೊಂಬು ತುಂಬಿದಳು. ಎರಡೂ ಕೈಯಲ್ಲಿ ಹಿಡಿದು ಬಾಗಿಲ ಪಕ್ಕದ ಮೂಲೆಗೆ ಚಾಚಿ, ‘ತಗಳ್ರಿ’ ಎಂದಳು. ಕಾದಳು. ನಾನೂ ಕಾದೆ. ಚೊಂಬಿನ ನೀರು ಅಲುಗಲಿಲ್ಲ. ಆಮೇಲೆ ಆಕೆ ಚೊಂಬನ್ನು ತನ್ನ ಬಾಯಿಗೇ ಎತ್ತಿಕೊಂಡಳು. ಕಷಾಯ ಕುಡಿಯುವವರಂತೆ ಮುಖ ಕಿವುಚಿ, ನಡುನಡುವೆ ಓಕರಿಕೆ ತಡೆದುಕೊಂಡು, ಕೊನೆಯ ಹನಿಯ ತನಕ ಕುಡಿದಳು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಅದರ ಮೇಲೆ ಹತ್ತಿ, ಕೈ ಮೇಲೆ ಮಾಡಿ ಒಂದು ಗೀಟು ಎಳೆದಳು. ಇಳಿಯುವಾಗ ತೂರಾಡಿದಳು. ನಾನು ಹೋಗಿ ಹಿಡಿದುಕೊಂಡೆ.

‘ಅವರ ನೀರು ನೀನ್ಯಾಕೆ ಕುಡೀತೀಯ?’

‘ಇಟ್ಟಿದ್ದು ಚೆಲ್ಲಬಾರ್ದು. ಮಿಗಿಸ್ಲೂ ಬಾರ್ದು’ ಎಂದಳು. ಆಮೇಲೆ ನನ್ನ ಮುಖ ದಿಟ್ಟಿಸಿ, ‘ನೀನ್ಯಾವಾಗ ಬಂದೆ ತಿಪ್ಪಕ್ಕಾ?’ ಎಂದು ಕೇಳಿದಳು. ತಿಪ್ಪಕ್ಕ ಎಂದರೆ ಆಕೆಯ ಅಕ್ಕ, ಸತ್ತು ಎಷ್ಟೋ ವರ್ಷವಾಗಿದೆ ಎಂದು ಕಮಲಮ್ಮ ಬೇಲಿಯಿಂದಲೇ ಕೂಗಿ ಹೇಳಿದಳು.

ಒಂದು ಲೀಟರ್ ನೀರು ಒಂದು ಕಿಲೋ. ಎರಡು ಕಿಲೋ ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು. ದೆವ್ವದ ಭಯ ಹೋಯಿತು, ಅದಕ್ಕಿಂತ ದೊಡ್ಡ ಭಯ ಬಂದು ಕೂತಿತು. ಆಕೆ ನುಂಗುತ್ತಿದ್ದ ಬಿ.ಪಿ. ಮಾತ್ರೆ ಮೂತ್ರದಲ್ಲಿ ಉಪ್ಪನ್ನು ಹೊರಗೆ ಹಾಕುವಂಥದ್ದು. ಸಾರಿಗೆ ಉಪ್ಪು ಹಾಕಬೇಡ ಎಂದವಳು ನಾನು. ನೀರು ಕುಡಿ ಎಂದವಳು ನಾನು. ಊಟವಿಲ್ಲ, ಉಪ್ಪಿಲ್ಲ, ಮೇಲಿಂದ ಇಬ್ಬರ ಪಾಲಿನ ನೀರು. ರಕ್ತದಲ್ಲಿನ ಉಪ್ಪು ತೆಳ್ಳಗಾಗಿ ಮಿದುಳು ಊದುತ್ತಿತ್ತು. ಒಬ್ಬ ಹೆಂಗಸು ಒಣಭೂಮಿಯ ನಡುವೆ, ತನ್ನ ಮನೆಯೊಳಗೆ ಕೂತು, ನನ್ನ ಸೀಮೆಸುಣ್ಣದ ಲೆಕ್ಕದಲ್ಲಿ ಮುಳುಗುತ್ತಿದ್ದಳು.

ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ನಗಲಿಲ್ಲ. ‘ಇನ್ನು ಒಂದು ಗುಟುಕೂ ಕೊಡಬೇಡಿ. ಆಂಬುಲೆನ್ಸ್ ಕಳಿಸ್ತೀನಿ’ ಎಂದರು. ಅದು ಬರುವ ತನಕ ಓಬಳಮ್ಮ ನನ್ನ ಸೆರಗು ಹಿಡಿದು ಬೇಡಿದಳು. ‘ಒಂದು ಚೊಂಬು ಕೊಡ್ರಿ. ಅವರ ಬಾಯಿ ಒಣಗೈತೆ, ನೋಡ್ರಿ ಅಲ್ಲಿ, ನಾಲಿಗಿ ಆಚಿಗೆ ಬಂದೈತೆ.’ ನಾನು ಚೊಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ಅಲ್ಲಿ ಎಂದು ತೋರಿಸಿದ ಕಡೆ ನೋಡಲಿಲ್ಲ. ಹೆದ್ದಾರಿ ಸೇರುವ ಹೊತ್ತಿಗೆ ಫಿಟ್ಸ್ ಬಂತು. ಆಕೆಯನ್ನು ಮಗ್ಗುಲಾಗಿ ಹೊರಳಿಸಿ ಹಿಡಿದುಕೊಂಡು, ಚಿತ್ರದುರ್ಗದ ದೊಡ್ಡಾಸ್ಪತ್ರೆ ತಲುಪುವ ತನಕ ನಾನು ಯಾರನ್ನು ಏನು ಬೇಡಿಕೊಂಡೆನೋ ನೆನಪಿಲ್ಲ.

ಉಪ್ಪಿನ ಡ್ರಿಪ್ ನಿಧಾನವಾಗಿ ಕೊಟ್ಟರು. ಎರಡು ದಿನ ಏನೂ ಹೇಳಲಾಗದು ಎಂದರು. ನಮ್ಮ ಡಾಕ್ಟರು ಸಂಜೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ತಪ್ಪು ನನ್ನದು ಸರ್ ಎಂದೆ. ‘ಮಾತ್ರೆ ಬರೆದವನು ನಾನು. ನೀವು ಮೊದಲು ಫೋನ್ ಮಾಡಿದಾಗ ನಕ್ಕವನೂ ನಾನೇ’ ಎಂದು ನೆಲ ನೋಡುತ್ತ ಕೂತರು. ಅಂಥ ಮೇಲಧಿಕಾರಿ ಸಿಕ್ಕರೆ ಅವರ ನೂರು ತಪ್ಪು ಮಾಫಿ.

ನಾಲ್ಕನೇ ದಿನ ಓಬಳಮ್ಮನಿಗೆ ಬುದ್ಧಿ ತಿಳಿಯಾಯಿತು. ನನ್ನನ್ನು ನನ್ನ ಹೆಸರಿನಿಂದಲೇ ಕರೆದಳು. ಮತ್ತೆ ಹೀಗೆ ಆದರೆ ಉಳಿಸುವುದು ಕಷ್ಟ ಎಂದು ಅಲ್ಲಿನ ಡಾಕ್ಟರು ಎಚ್ಚರಿಸಿದ್ದರು. ನಾನು ಅದನ್ನೇ ಬಿಡಿಸಿ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, ‘ಹಂಗಾರೆ ಅವರ ನೀರು ಯಾರು ಕುಡೀಬೇಕು?’ ಎಂದಳು. ಹಾಸಿಗೆಯ ಪಕ್ಕದಲ್ಲಿದ್ದ ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ಈ ನಾಲ್ಕು ದಿನವೂ ಅತ್ತೆಯ ಬದಲು ಸೊಸೆಯೇ ಬೆಳಿಗ್ಗೆ ಎದ್ದು ಮಾವನ ಹೂಜಿ ತುಂಬಿಸಿಟ್ಟು, ಆದಷ್ಟು ಕುಡಿದು, ಗೀಟು ಎಳೆದು ಬರುತ್ತಿದ್ದಳಂತೆ. ಓಬಳಮ್ಮ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು ನನಗೆ ಕಣ್ಣಿಗೆ ಕಟ್ಟಿತು.

‘ಅವರು ಹೋಗಿ ಮೂರು ತಿಂಗಳಾಯ್ತು ಓಬಳಮ್ಮ. ಯಾಕೆ ಬಿಡ್ತಿಲ್ಲ ನೀನು?’

ಆಕೆ ಹೊದಿಕೆಯ ಅಂಚು ಮಡಿಸುತ್ತ ಹೇಳಿದಳು. ‘ಅವತ್ತು ಉಂಡು ಕೈ ತೊಳ್ಕಂಡು ನೀರು ಕೊಡು ಅಂದ್ರು. ನೀವು ಹೇಳಿದ್ರಲ್ಲ, ಉಂಡ ಮ್ಯಾಲೆ ಅರ್ಧ ತಾಸು ನೀರು ಕುಡೀಬಾರ್ದು, ಕುಡಿದ್ರೆ ಮೈ ಇಳಿಯಲ್ಲ ಅಂತ. ತಡ್ಕಳ್ರಿ ಅಂದೆ. ಇನ್ನೊಂದು ಕಿತ ಕೇಳಿದ್ರು. ಜೈಬಮ್ಮಾರು ಬೈತಾರೆ ಅಂದೆ. ನಕ್ರು. ನಗ್ತಾನೇ ಹೋಗಿ ಜಗಲಿ ಮ್ಯಾಲೆ ಕುಂತ್ರು. ಅರ್ಧ ತಾಸು ಆತು ಅಂತ ಚೊಂಬು ತಗಂಡು ಹೋದೆ. ಆಗ್ಲೇ ಇರ್ಲಿಲ್ಲ. ಬಾಯಿಗೆ ಒಂದು ಹನಿ ನೀರು ಬಿಡ್ಲಿಲ್ಲ ನಾನು.’

ಆ ಅರ್ಧ ತಾಸಿನ ನಿಯಮ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಯಾವುದೋ ತರಬೇತಿಯ ಊಟದ ಸಾಲಿನಲ್ಲಿ ಯಾರೋ ಹೇಳಿದ್ದು. ಕೇಳಲು ಚೆನ್ನಾಗಿತ್ತು, ಸೇರಿಸಿಕೊಂಡೆ. ಬರೀ ನೀರು ಕುಡಿಯಿರಿ ಎಂದರೆ ಜನ ತಲೆಯಾಡಿಸಿ ಮರೆಯುತ್ತಾರೆ, ನಿಯಮ ಹಚ್ಚಿ ಹೇಳಿದರೆ ನರ್ಸಮ್ಮನಿಗೆ ಎಷ್ಟು ತಿಳಿದಿದೆ ಅನ್ನುತ್ತಾರೆ. ಆ ಮೆಚ್ಚುಗೆಗಾಗಿ ಎಷ್ಟು ಮನೆಗಳಲ್ಲಿ ಅದನ್ನು ಹೇಳಿದ್ದೇನೋ. ಹೊಸದಾಗಿ ಸೇರುವ ಹುಡುಗಿಯರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ನೀವು ಸುಮ್ಮನೆ ಸೇರಿಸುವ ಒಂದು ಮಾತನ್ನು ಯಾರೋ ಒಬ್ಬರು ಅಕ್ಷರಶಃ ಪಾಲಿಸುತ್ತಾರೆ.

ಓಬಳಮ್ಮ ಮನೆಗೆ ಹೋದ ಮರುದಿನವೇ ಹಟ್ಟಿಗೆ ಹೋದೆ. ಟ್ಯಾಬು, ತೂಕದ ಯಂತ್ರ ಎರಡನ್ನೂ ತೆಗೆದುಕೊಂಡು ಹೋಗಲಿಲ್ಲ. ಉಣ್ಣಲು ಕೂರಿಸಿದಳು. ಮುದ್ದೆ, ಹುರುಳಿ ಸಾರು, ಸಾರಿಗೆ ಉಪ್ಪು ಸರಿಯಾಗಿತ್ತು. ಎರಡನೇ ಹೂಜಿ ತುಂಬಿತ್ತು. ಉಂಡು ಕೈ ತೊಳೆದು ಹೇಳಿದೆ.

‘ಅರ್ಧ ತಾಸು ಅಂತ ಹೇಳಿದ್ನಲ್ಲ, ಅದು ಸುಳ್ಳು ಓಬಳಮ್ಮ. ನಾನೇ ಎಲ್ಲೋ ಕೇಳಿ, ಸುಮ್ನೆ ಹೇಳಿದ್ದು.’

ಆಕೆ ಸೀಮೆಸುಣ್ಣದ ಗೋಡೆಗೆ ಒರಗಿ ನಿಂತಿದ್ದಳು. ‘ಕೊಟ್ಟಿದ್ರೆ ಏನೂ ಆಗ್ತಿರ್ಲಿಲ್ವಾ?’

‘ಏನೂ ಆಗ್ತಿರಲಿಲ್ಲ. ಜೀವ ಉಳೀತಿತ್ತು ಅಂತ ಹೇಳಲ್ಲ. ಕುಡ್ದು ಹೋಗ್ತಿದ್ರು.’

ಬೈಯಲಿ, ಹೊಡೆಯಲಿ ಎಂದು ಕಾದೆ. ಆಕೆ ಹೂಜಿಯ ಕಡೆ ನೋಡಿದಳು. ಅದರ ಬಟ್ಟೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ನನಗೆ ಅಳು ಬಂತು, ಅತ್ತೆ. ಅಳುತ್ತಲೇ ಹೇಳಿದೆ.

‘ನೀರು ತಡೆದೋಳು ನೀನಲ್ಲ, ನಾನು. ನಮ್ಮ ಮನೆಗಳಲ್ಲಿ ತೀರಿಕೊಂಡೋರ ಹೆಸರಲ್ಲಿ ಬಾಯಾರಿದೋರಿಗೆ ನೀರು ಕೊಡ್ತೀವಿ. ಅದು ಅವರಿಗೆ ಮುಟ್ಟುತ್ತೆ ಅಂತಾರೆ ನಮ್ಮ ಹಿರೇರು. ನಾನೀಗ ಉಂಡು ಎದ್ದಿದ್ದೀನಿ. ಬಾಯಾರಿದೆ. ಅವರ ಹೂಜಿಯಿಂದ ನಂಗೆ ಕೊಡು.’

ಓಬಳಮ್ಮ ಬಹಳ ಹೊತ್ತು ನನ್ನನ್ನೇ ನೋಡಿದಳು. ಹೋಗಿ ಚೊಂಬು ತುಂಬಿದಳು. ಎರಡೂ ಕೈಯಲ್ಲಿ ಹಿಡಿದು ಮೂಲೆಯ ಕಡೆ ಒಂದು ಹೆಜ್ಜೆ ಇಟ್ಟವಳು ನಿಂತು, ತಿರುಗಿ, ನನ್ನ ಹತ್ತಿರ ಬಂದಳು. ‘ತಗಳ್ರಿ’ ಎಂದಳು. ನಾನು ಕುಡಿಯುವಾಗ ಆಕೆಯ ಕಣ್ಣು ನನ್ನ ಗಂಟಲ ಮೇಲೇ ಇತ್ತು. ಒಂದು ಹನಿಯೂ ಬಿಡದೆ ಕುಡಿದು ಚೊಂಬು ಕೊಟ್ಟೆ.

ಆಕೆ ಸೀಮೆಸುಣ್ಣಕ್ಕೆ ಕೈ ಹಾಕಲಿಲ್ಲ. ನನ್ನ ಹೆಗಲ ಮೇಲಿಂದ ಬಾಗಿಲ ಪಕ್ಕದ ಮೂಲೆಯನ್ನು ನೋಡುತ್ತಾ ನಿಂತಳು. ಯಾರೋ ನಿಧಾನವಾಗಿ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವವರಂತೆ ತಲೆಯನ್ನು ಸ್ವಲ್ಪ ಓರೆ ಮಾಡಿದ್ದಳು. ಆಮೇಲೆ ಉಸಿರು ಬಿಟ್ಟು, ‘ಸಾಕಂತೆ’ ಎಂದಳು.

ಎರಡನೇ ಹೂಜಿಯನ್ನು ಸೊಂಟಕ್ಕೆ ಎತ್ತಿಕೊಂಡು, ದಾರಿಹೋಕರು ಕುಡಿಯಲೆಂದು ಜಗಲಿಯ ಮೇಲಿಡಲು ಹೊರಗೆ ಹೋದಳು. ಒಳಗೆ ನಾನೊಬ್ಬಳೇ ಉಳಿದೆ. ಆ ಮೂಲೆ ನನ್ನ ಬೆನ್ನ ಹಿಂದಿತ್ತು. ಮೂವತ್ತು ವರ್ಷ ಊರೂರಿಗೆ ಹೋಗಿ ಮೂಢನಂಬಿಕೆ ಬಿಡಿ ಎಂದು ಭಾಷಣ ಮಾಡಿದವಳಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ, ‘ತಪ್ಪಾಯ್ತು ಜುಂಜಣ್ಣ’ ಎಂದು ಹೇಳಿ, ಚೀಲ ಎತ್ತಿಕೊಂಡು ಹೊರಗೆ ಬಂದೆ.